ಲ್ಯಾಂಕಶೈರ್ ಹತ್ತಿ ಆಟ ಮತ್ತು ನಮ್ಮ ತಾಡದೇವ್

ರಜೆಯಲ್ಲಿ ಮಕ್ಕಳು ಬಿಸಿನೆಸ್ ಆಟ ಹರಡಿಕೊಂಡು ಕೂರದ ಮುಂಬಯಿ ಮನೆ ಅಪರೂಪ. ಅದರಲ್ಲಿ ದಾಳ ಹೇಳಿದ್ದೇ ವೇದ. ನಾನೀಗ ಹೇಳಹೊರಟ ‘ಬ್ರಾಸ್’ ಬೇರೆ ಜಾತಿಯ ಆಟ. ಮಾರ್ಟಿನ್ ವಾಲೆಸ್ ಎಂಬವರು ರಚಿಸಿದ್ದು, 2007ರಲ್ಲಿ ಬಂತು. 2018ರಲ್ಲಿ ‘ಬ್ರಾಸ್: ಲ್ಯಾಂಕಶೈರ್’ ಎಂಬ ಹೆಸರಿನಲ್ಲಿ ಹೊಸ ರೂಪ ಪಡೆಯಿತು. ಇಂಗ್ಲೆಂಡಿನ ಹತ್ತಿ ಸೀಮೆ, 1770ರಿಂದ 1870ರವರೆಗೆ... ಅಷ್ಟೇ ಅದರ ಪ್ರಪಂಚ.

ದಾಳ ಇಲ್ಲ. ಕೈಯಲ್ಲಿ ಕಾರ್ಡುಗಳು. ಮೊದಲ ಸುತ್ತು ಬಿಟ್ಟರೆ ಸರದಿಗೆ ಎರಡು ಕೆಲಸ: ಗಿರಣಿಯೋ ಗಣಿಯೋ ಬಂದರೋ ಕಟ್ಟಬಹುದು, ಕಾಲುವೆ ತೋಡಬಹುದು, ಬಟ್ಟೆ ಮಾರಬಹುದು, ಸಾಲ ಎತ್ತಬಹುದು. ಅರ್ಧ ಆಟ ಕಾಲುವೆಗಳ ಕಾಲ, ಉಳಿದರ್ಧ ರೈಲಿನ ಕಾಲ. ನಡುವೆ ಕಾಲುವೆಗಳನ್ನೂ ಮೊದಲ ದರ್ಜೆಯ ಕಾರ್ಖಾನೆಗಳನ್ನೂ ಹಲಗೆಯಿಂದ ಎತ್ತಿಬಿಡುತ್ತಾರೆ. ಗೆಲ್ಲುವುದು ಅಂಕಗಳಿಂದ, ದುಡ್ಡಿನ ರಾಶಿಯಿಂದಲ್ಲ.

ಬ್ಯಾಂಕಿನವನಾದ ನನ್ನ ಕಣ್ಣು ಮೊದಲು ಹೋದದ್ದು ಸಾಲದ ನಿಯಮಕ್ಕೆ. 30 ಪೌಂಡ್ ತೆಗೆದುಕೊಂಡರೆ ಆದಾಯ ಮೂರು ಮೆಟ್ಟಿಲು ಇಳಿಯುತ್ತದೆ. ಅಸಲು ತೀರಿಸುವ ಪ್ರಶ್ನೆಯೇ ಇಲ್ಲ, ಅಡವಂತೂ ಕೇಳಲೇಬೇಡಿ! ಆದ್ದರಿಂದ ಸಾಲ ಬೇಗ ತೆಗೆಯಿರಿ. ಕೊನೆಗಾಲದಲ್ಲಿ ಕೊಡುವುದೂ ಇಲ್ಲ. ಒಂದು ಸುತ್ತಿನಲ್ಲಿ ಕಡಿಮೆ ಖರ್ಚು ಮಾಡಿದವನಿಗೆ ಮುಂದಿನ ಸುತ್ತಿನಲ್ಲಿ ಮೊದಲ ಸರದಿ. ಒಮ್ಮೆ ಜಿಪುಣನಾಗಿ, ಮರುಸುತ್ತಿನಲ್ಲಿ ಕೈಬಿಚ್ಚಿದರೆ ಲಾಭ.

ಗಿರಣಿ ಕಟ್ಟಿದರಷ್ಟೇ ಸಾಲದು, ಮಾಲು ಹೋಗಬೇಕು. ಬಂದರಿನ ಮೂಲಕ ಮಾರಬಹುದು, ಇಲ್ಲವೇ ‘ದೂರದ ಮಾರುಕಟ್ಟೆ’ಗೆ. ಎರಡನೆಯದರಲ್ಲಿ ಪ್ರತಿ ಸಲ ಒಂದು ಬಿಲ್ಲೆ ಮಗುಚುತ್ತಾರೆ. ಬೇಡಿಕೆ ಸಾಮಾನ್ಯವಾಗಿ ಕುಸಿಯುತ್ತ ಹೋಗುತ್ತದೆ. ತಳ ಮುಟ್ಟಿದರೆ ಮಾರಾಟ ಬಂದ್. ಹಾಗಾಗಿ ಅಲ್ಲಿಗೆ ಮಾರುವವರು ತಡಮಾಡಬಾರದು.

ಆ ದೂರದ ಮಾರುಕಟ್ಟೆಗೆ ಆಟದಲ್ಲಿ ಹೆಸರಿಲ್ಲ. ಮ್ಯಾಂಚೆಸ್ಟರ್ ಬಟ್ಟೆಗೆ ದೊಡ್ಡ ಗಿರಾಕಿ ಯಾರೆಂದು ಕೇಳಿದರೆ ನಮ್ಮ ಶಾಲಾ ಮಕ್ಕಳೂ ಹೇಳಿಯಾರು. ಬಿಲ್ಲೆ ಮಗುಚಿದಾಗ ಬೇಡಿಕೆ ಯಾಕೆ ಬಿತ್ತು ಅಂತ ಹಲಗೆ ಹೇಳುವುದಿಲ್ಲ. ಮುಂಬಯಿಯಲ್ಲಿ ಕೂತು ಆಡುವವರಿಗೆ ಒಂದು ಕಾರಣವಾದರೂ ಗೊತ್ತು.

1854ರಲ್ಲಿ ಕಾವಸಜಿ ನಾನಾಭಾಯಿ ದಾವರ್ ತಾಡದೇವ್‌ನಲ್ಲಿ ನೂಲಿನ ಗಿರಣಿಯ ಕಂಪೆನಿ ಹುಟ್ಟುಹಾಕಿದರು. 1856ರಲ್ಲಿ ಯಂತ್ರ ತಿರುಗಿತು. ತಮಾಷೆಯೆಂದರೆ ಆ ಯಂತ್ರಗಳು ಬಂದದ್ದೂ ಲ್ಯಾಂಕಶೈರ್‌ನಿಂದಲೇ. ಗಿರಾಕಿಯೇ ಎದುರಾಳಿಯಾಗಲು ಹೊರಟಿದ್ದ, ಅದೂ ಅವರ ಮಗ್ಗುಲಲ್ಲೇ ಮಾಡಿಸಿದ ಯಂತ್ರದಿಂದ!

ಆಮೇಲೆ ಅಮೆರಿಕದ ಅಂತರ್ಯುದ್ಧ. 1861ರಿಂದ 1865ರವರೆಗೆ ಅಲ್ಲಿನ ಹತ್ತಿ ನಿಂತು ಲ್ಯಾಂಕಶೈರ್ ಗಿರಣಿಗಳು ಹಸಿದವು. ಮುಂಬಯಿಗೆ ಹಣ ಸುರಿಯಿತು. ನಮ್ಮ ಕಡೆಗೂ ಅದರ ಬಿಸಿ ತಾಗಿತ್ತು. ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದಿಂದ ಹಡಗು ಹತ್ತಿಸಬೇಕೆಂಬುದು ಮ್ಯಾಂಚೆಸ್ಟರಿನವರ ಆಸೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದಕ್ಕೆ ಇದೂ ಒಂದು ಕಾರಣ. ರಸ್ತೆಯಾಯಿತು, ರೈಲು ಮಾತ್ರ ಆ ಘಟ್ಟ ಇಳಿಯಲಿಲ್ಲ. ಆಟದ ಭಾಷೆಯಲ್ಲಿ ಹೇಳುವುದಾದರೆ, ಬಂದರು ಇದೆ, ಕೊಂಡಿ ಕೂಡಲಿಲ್ಲ.

ಮುಂಬಯಿಯ ಹಣ ಎಲ್ಲಿ ಹೋಯಿತು? ಷೇರಿಗೆ. ಬ್ಯಾಂಕ್ ಆಫ್ ಬಾಂಬೆ ಷೇರುಗಳನ್ನೇ ಅಡವಿಟ್ಟುಕೊಂಡು ಸಾಲ ಕೊಟ್ಟಿತು. 1865ರಲ್ಲಿ ಯುದ್ಧ ಮುಗಿದು ಹತ್ತಿ ಬೆಲೆ ಇಳಿಯಿತು, ಅಡವಿನ ಕಾಗದ ರದ್ದಿಯಾಯಿತು. ಹತ್ತಿ ದೊರೆ ಪ್ರೇಮಚಂದ್ ರಾಯಚಂದರೂ ನೆಲ ಕಚ್ಚಿದರು. 1868ರಲ್ಲಿ ಬ್ಯಾಂಕ್ ಮುಚ್ಚಿತು. ಇಂಥ ಸಾಲಕ್ಕೆ ಆಟದಲ್ಲಿ ಯಾರೂ ದಿವಾಳಿಯಾಗುವುದಿಲ್ಲ, ಠೇವಣಿದಾರರೂ ಇಲ್ಲ. ಗಿರಣಿ ಕಾರ್ಮಿಕರೂ ಇಲ್ಲ ಬಿಡಿ. 1982ರ ಮುಷ್ಕರ ಕಂಡ ಪರೇಲ್, ಲಾಲ್‌ಬಾಗ್ ಕಡೆಯವರಿಗೆ ಆ ಹಲಗೆ ತೀರಾ ಖಾಲಿಯಾಗಿ ಕಂಡೀತು.

ಗಿರಣಿಗಳು ಚೇತರಿಸಿಕೊಂಡು ಹೆಚ್ಚಿದ ಮೇಲೆ ಲ್ಯಾಂಕಶೈರ್ ಹೂಡಿದ ದಾಳ ಮಾತ್ರ ಯಾವ ಕಾರ್ಡಿನಲ್ಲೂ ಇಲ್ಲ. ಅವರ ಒತ್ತಡಕ್ಕೆ ಮಣಿದ ಸರಕಾರ 1896ರಲ್ಲಿ ಆಮದು ಬಟ್ಟೆಯ ಮೇಲಿನ ಸುಂಕವನ್ನು ಶೇಕಡಾ 3.5ಕ್ಕೆ ಇಳಿಸಿ, ಇಲ್ಲಿನ ಗಿರಣಿ ಬಟ್ಟೆಯ ಮೇಲೂ ಅಷ್ಟೇ ಅಬಕಾರಿ ಹೇರಿತು. ಆಟ 1870ಕ್ಕೆ ಮುಗಿಯುತ್ತದೆ. ಆ ಅಬಕಾರಿ ರದ್ದಾದದ್ದು 1926ರಲ್ಲಿ.