ಗಲ್ಲಾಪೆಟ್ಟಿಗೆಯ ಸಾಕ್ಷ್ಯ

ತನ್ನ ಅಂಗಡಿಯ ಮಟ್ಟಿಗೆ ತೇಜಿಮಂದಿಗಳನ್ನು ಅರಿಯುವ ವಿದ್ಯೆ ವರ್ತಕನಿಗೆ ಪುರಾತನಕಾಲದಿಂದಲೂ ಕರಗತವಾಗಿದ್ದರೂ, ಒಂದು ರಾಷ್ಟ್ರದ ಸಮಸ್ತ ಅಂಗಡಿಗಳ ಗಲ್ಲಾಪೆಟ್ಟಿಗೆಗಳನ್ನು ಒಟ್ಟುಗೂಡಿಸಿ ಆ ಮೊತ್ತದಿಂದ ದೇಶದ ಏಳುಬೀಳುಗಳನ್ನು ನಿರ್ಣಯಿಸುವ ಪದ್ಧತಿಯು ತೀರ ಈಚಿನದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಗರಗಳ ದೊಡ್ಡ ಮಳಿಗೆಗಳ ಮಾರಾಟಕ್ಕೆ ಫೆಡರಲ್ ರಿಸರ್ವ್ ಮಂಡಲಿಯು ರಚಿಸಿದ ಸೂಚ್ಯಂಕವು 1919ರಿಂದ ಮೊದಲಾಗುತ್ತದೆ. ಹಳ್ಳಿಯ ದಿನಸಿ ಅಂಗಡಿಯನ್ನೂ ಬಿಡದೆ ಎಣಿಸಿದ ಗಣತಿಯಾದರೋ ನಡೆದದ್ದು 1930ರಲ್ಲಿ, ಹಿಂದಿನ ವರ್ಷದ ವಹಿವಾಟನ್ನು ಕುರಿತು. ಅಳತೆಗೋಲು ಸಿದ್ಧವಾಗುವ ಹೊತ್ತಿಗೆ ಅಳೆಯಬೇಕಾದ ವೈಭವವೇ ಕುಸಿಯತೊಡಗಿತ್ತು.

1929ರಲ್ಲಿ ಸುಮಾರು 4,800 ಕೋಟಿ ಡಾಲರುಗಳಷ್ಟಿದ್ದ ಚಿಲ್ಲರೆ ಮಾರಾಟವು 1933ರಲ್ಲಿ ಸುಮಾರು 2,500 ಕೋಟಿಗೆ ಇಳಿಯಿತು. ಬರಿಯ ಅಂಕಿಯನ್ನು ನೋಡಿದವನು ಜನರು ಕೊಳ್ಳುವ ಸರಕು ಅರ್ಧಕ್ಕರ್ಧ ಕಡಮೆಯಾಯಿತೆಂದಾನು. ಆದರೆ ಅದೇ ಅವಧಿಯಲ್ಲಿ ಬೆಲೆಗಳೂ ಸುಮಾರು ಕಾಲುಭಾಗ ತಗ್ಗಿದ್ದುವಾದ ಕಾರಣ, ನಿಜವಾಗಿ ಕುಗ್ಗಿದ ಸರಕು ಮೂರರಲ್ಲೊಂದು ಪಾಲಿನ ಆಸುಪಾಸಿನದು. ಬೆಲೆ ಏರುವ ಕಾಲದಲ್ಲಿ ಈ ಭ್ರಮೆಯೇ ತಿರುವುಮುರುವಾಗಿ, ಕೊಂಡವನ ಚೀಲ ಹಗುರವಾಗಿದ್ದರೂ ಮಾರಾಟ ವೃದ್ಧಿಸಿದಂತೆ ತೋರುವುದು.

ಋತುಮಾನದ ಮಾಯೆ ಇನ್ನೊಂದು. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದಲ್ಲದೆ ಕ್ರಿಸ್‌ಮಸ್ ವ್ಯಾಪಾರಕ್ಕೆ ಕೈಹಾಕಬಾರದೆಂಬುದು ಅಲ್ಲಿಯ ವರ್ತಕರ ಅಂದಿನ ಸಂಪ್ರದಾಯವಾಗಿತ್ತು. 1939ರ ನವೆಂಬರಿನಲ್ಲಿ ಐದು ಗುರುವಾರಗಳು ಬಂದು, ಕೊನೆಯ ಗುರುವಾರದ ಆ ಹಬ್ಬವು 30ನೆಯ ತಾರೀಖಿಗೆ ಬಿದ್ದುದರಿಂದ, ವ್ಯಾಪಾರದ ದಿನಗಳು ಕಡಮೆಯಾಗುವುವೆಂದು ವರ್ತಕರು ಮೊರೆಯಿಡಲು, ಅಧ್ಯಕ್ಷ ರೂಸ್‌ವೆಲ್ಟರು ಹಬ್ಬವನ್ನು ಒಂದು ವಾರ ಹಿಂದಕ್ಕೆ ತಂದು 23ಕ್ಕೆ ಗೊತ್ತುಮಾಡಿದರು. ಆ ವರ್ಷದ ಕ್ಯಾಲೆಂಡರುಗಳು ಅಚ್ಚಾಗಿ ಗೋಡೆಯೇರಿದ್ದುವು. ಕಾಲೇಜುಗಳ ಫುಟ್‌ಬಾಲ್ ಪಂದ್ಯಗಳು ಹಳೆಯ ತಾರೀಖಿಗೇ ನಿಗದಿಯಾಗಿದ್ದುವು. 23 ಸಂಸ್ಥಾನಗಳು ಹೊಸ ದಿನವನ್ನೊಪ್ಪಿದುವು. 22 ಸಂಸ್ಥಾನಗಳು ಹಳೆಯದನ್ನೇ ಹಿಡಿದುವು. ಮಿಕ್ಕ ಮೂರು ಎರಡನ್ನೂ ಆಚರಿಸಿದುವು. ಹೀಗೆ ದೇಶವೇ ಎರಡಾಗಿ, ಯಾರೂ ಉದ್ದೇಶಿಸದಿದ್ದ ಒಂದು ಪರೀಕ್ಷೆ ತಾನಾಗಿ ಏರ್ಪಟ್ಟಿತು.

ಫಲವೇನು? ವಾರವೊಂದು ಹೆಚ್ಚಾದ ಮಾತ್ರಕ್ಕೆ ಮಾರಾಟವು ಗಮನಾರ್ಹವಾಗಿ ವೃದ್ಧಿಸಲಿಲ್ಲವೆಂದು ಲೆಕ್ಕಗಳು ತೋರಿದುವು. ಮುಂಚೆ ಬಂದ ಗಿರಾಕಿಯು ಮತ್ತೆ ಬರಲಿಲ್ಲ, ಅಷ್ಟೆ. 1941ರ ಮೇ ತಿಂಗಳಲ್ಲಿ ರೂಸ್‌ವೆಲ್ಟರು ಪ್ರಯೋಗ ಸಫಲವಾಗಲಿಲ್ಲವೆಂದು ಒಪ್ಪಿದರು. ಆ ವರ್ಷದ ಡಿಸೆಂಬರಿನಲ್ಲಿ ಶಾಸನವು ನವೆಂಬರಿನ ನಾಲ್ಕನೆಯ ಗುರುವಾರವನ್ನು ಶಾಶ್ವತಗೊಳಿಸಿತು.

ಅಷ್ಟರಲ್ಲಿ ವ್ಯಾಪಾರ ಕುದುರಿತ್ತು. ಯುದ್ಧಸಾಮಗ್ರಿಯ ಕಾರ್ಖಾನೆಗಳಲ್ಲಿ ಕೆಲಸ ದೊರೆತು, ಬಟವಾಡೆಯ ಹಣ ಮನೆಗೆ ಬರತೊಡಗಿದ್ದೇ ಅದಕ್ಕೆ ಮುಖ್ಯ ಕಾರಣ. ಆದಕಾರಣ ಮಾರಾಟದ ಅಂಕಿಯನ್ನು ಚೇತರಿಕೆಯ ಕುರುಹೆಂದು ಸ್ವೀಕರಿಸುವ ಮುನ್ನ ಬೆಲೆಯನ್ನು ಕಳೆದು, ಋತುವನ್ನು ಸರಿದೂಗಿಸಿ, ಕಡೆಗೆ ಕೊಂಡವನ ಕೈಗೆ ಆ ಹಣ ಎಲ್ಲಿಂದ ಬಂತೆಂದು ವಿಚಾರಿಸುವುದು ವಿವೇಕ. ದುಡಿಮೆಯಿಂದ ಬಂದುದಾದರೆ ಮುಂದಿನ ತಿಂಗಳ ವ್ಯಾಪಾರಕ್ಕೂ ಭರವಸೆಯುಂಟು, ಸಾಲದಿಂದಲೋ ಕೂಡಿಟ್ಟ ಗಂಟಿನಿಂದಲೋ ಬಂದುದಾದರೆ ಆ ಭರವಸೆಗೆ ಆಧಾರವಿಲ್ಲ.