ಜೋಡಿದಂಡ: ಹೆಸರು, ಉಪಯೋಗ ಮತ್ತು ಪಾಠನಿರ್ಣಯ

ಕನ್ನಡ ಬರವಣಿಗೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಚಿಹ್ನೆಗಳಲ್ಲಿ ‘॥’ ಒಂದು. ನೆಟ್ಟ ಕೋಲಿನಂತಿರುವ ಒಂಟಿ ಗೆರೆಗೆ ದಂಡವೆಂದೂ ಅದು ಎರಡಾದಾಗ ಜೋಡಿದಂಡವೆಂದೂ ಹೆಸರು. ಆಡುಮಾತಿನಲ್ಲಿ ಇದು ಬರಿಯ ಎರಡು ಗೀಟು. ಶ್ಲೋಕದ ಪೂರ್ವಾರ್ಧಕ್ಕೆ ದಂಡವನ್ನೂ ಉತ್ತರಾರ್ಧದ ಕೊನೆಗೆ ಜೋಡಿದಂಡವನ್ನೂ ಇಡುವುದು ಸಂಪ್ರದಾಯ. ಪದಗಳ ನಡುವೆ ತೆರಪು ಬಿಡದೆ ಬರೆಯುತ್ತಿದ್ದ ಶಾಸನಗಳಲ್ಲಿಯೂ ಓಲೆಗರಿಗಳಲ್ಲಿಯೂ ಓದುಗನಿಗೆ ನಿಲುಗಡೆಯನ್ನು ತೋರಿಸುತ್ತಿದ್ದುದು ಮುಖ್ಯವಾಗಿ ಈ ಗೆರೆಗಳೇ.

ಇದಕ್ಕೆ ವಿರುದ್ಧವೆನ್ನಬಹುದಾದ ಇನ್ನೊಂದು ಉಪಯೋಗವೂ ಉಂಟು. ‘ದೊಡ್ಡಬಳ್ಳಾಪುರ ತಾ॥’ ಎಂದು ಪತ್ರಗಳಲ್ಲಿ ಬರೆಯುವಾಗಲೂ, ಲಗ್ನಪತ್ರಿಕೆಯಲ್ಲಿ ‘ಚಿ॥’ ಎನ್ನುವಾಗಲೂ, ಲೆಕ್ಕದಲ್ಲಿ ‘ರೂ॥’ ಎನ್ನುವಾಗಲೂ ಜೋಡಿದಂಡವು ಮಾತು ಮುಗಿಯಿತೆಂದು ಹೇಳುವುದಿಲ್ಲ. ಉಳಿದುದನ್ನು ಓದುಗನೇ ತುಂಬಿಕೊಳ್ಳಬೇಕೆಂದು ಸೂಚಿಸುತ್ತದೆ. ಈ ಎರಡು ಅರ್ಥಗಳನ್ನು ಬೆಸೆಯುವ ಕೊಂಡಿ ಚಂಪೂಕಾವ್ಯಗಳಲ್ಲಿಯೂ ಪದ್ಯಶಾಸನಗಳಲ್ಲಿಯೂ ದೊರೆಯುತ್ತದೆ. ಅಲ್ಲಿ ಪದ್ಯದ ಮೊದಲಿಗೆ ಕಂದಕ್ಕೆ ‘ಕಂ॥’, ವೃತ್ತಕ್ಕೆ ‘ವೃ॥’, ವಚನಕ್ಕೆ ‘ವ॥’ ಎಂದು ಗುರುತು ಹಾಕುವ ರೂಢಿಯಿದೆ. ಪದ್ಯದಿಂದ ಛಂದಸ್ಸಿನ ಹೆಸರನ್ನು ಬೇರ್ಪಡಿಸಿದ ಗೆರೆಯೇ ಕ್ರಮೇಣ ಸಂಕ್ಷೇಪದ ಗುರುತಾಯಿತೆಂದು ಊಹಿಸುವುದು ಯುಕ್ತವಾಗಿದೆ.

ಈ ವಿವೇಚನೆಯು ಕೇವಲ ಕುತೂಹಲದ್ದಲ್ಲ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಇಂತಹ ಯಾವ ಸಂಪುಟದಲ್ಲಿಯೂ ಅಚ್ಚಾದ ದಂಡಗಳೆಲ್ಲ ಕಲ್ಲಿನ ಮೇಲಿನವೇ ಎಂದು ಮೊದಲೇ ನಿಶ್ಚಯಿಸಲಾಗದು. ಅರ್ಥವು ವಾಕ್ಯವಿಭಾಗವನ್ನು ಅವಲಂಬಿಸಿರುವಲ್ಲಿ ಶಿಲೆಯನ್ನೋ ಅದರ ಪಡಿಯಚ್ಚನ್ನೋ ನೋಡಲೇಬೇಕು.

ಈಚಿನ ದಾಖಲೆಗಳಲ್ಲಿ ತೊಡಕು ಬೇರೆ ಬಗೆಯದು. ಕನ್ನಡದ ‘೧’ ದುಂಡಗಿರುವುದರಿಂದ ಕನ್ನಡ ಅಂಕಿಗಳ ಪಕ್ಕದಲ್ಲಿ ದಂಡವು ಸಂಖ್ಯೆಯೆಂಬ ಭ್ರಮೆಯನ್ನು ಹುಟ್ಟಿಸುವುದಿಲ್ಲ. ಆದರೆ ನೆಟ್ಟ ಗೆರೆಯಾದ ‘1’ ಬಳಕೆಗೆ ಬಂದಲ್ಲಿ ‘ರೂ॥50’ ಎಂಬ ಕೈಬರಹವನ್ನು ‘ರೂ 1150’ ಎಂದು ಓದುವ ಅಪಾಯವಿದೆ; ಭೂಮಿಯ ಕ್ರಯ, ಸಾಲ, ಕಂದಾಯಗಳ ಪತ್ರಗಳಲ್ಲಿ ಇದು ಅಲ್ಪದೋಷವಲ್ಲ. ಗಣಕಯಂತ್ರದಲ್ಲಿಯೂ ಸಂದಿಗ್ಧತೆ ತಪ್ಪಿಲ್ಲ. ಯೂನಿಕೋಡ್‌ನಲ್ಲಿ ಜೋಡಿದಂಡವು ದೇವನಾಗರಿ ವಿಭಾಗದಲ್ಲಿದ್ದು ಕನ್ನಡಕ್ಕೂ ಅದೇ ಸಲ್ಲುತ್ತದೆ; ಅನೇಕರು ಅದರ ಬದಲು ಕೀಲಿಮಣೆಯ ನೆಟ್ಟಗೆರೆಯನ್ನು ಎರಡು ಸಲ ಒತ್ತುತ್ತಾರೆ. ಕಣ್ಣಿಗೆ ಒಂದೇ ಆಗಿ ಕಂಡರೂ ಯಂತ್ರಕ್ಕೆ ಇವು ಬೇರೆ ಬೇರೆ; ಹುಡುಕುವಾಗ ಒಂದು ಸಿಕ್ಕಿ ಇನ್ನೊಂದು ತಪ್ಪಿಹೋಗಬಹುದು.

ಆದುದರಿಂದ ದಾಖಲೆಗಳನ್ನು ಪ್ರತಿಮಾಡುವವರು ಮೂಲದ ದಂಡವನ್ನೂ ತಾವು ಸೇರಿಸಿದ ದಂಡವನ್ನೂ ಬೇರೆಯಾಗಿ ಗುರುತಿಸುವುದು, ಸಂಕ್ಷೇಪಗಳ ಪೂರ್ಣರೂಪವನ್ನು ಕಂಸದಲ್ಲಿ ಕೊಡುವುದು ಅವಶ್ಯಕ.