ತಿರುಮಲಾಚಾರ್, ಎಂ. ಜೆ. (1914–1999)

ಮೈಸೂರು ಸೀಮೆಯ ಶಿಲೀಂಧ್ರವಿಜ್ಞಾನಿ. ಪೂರ್ಣ ಹೆಸರು ಮಂಡಯಂ ಜೀರ್ಸನ್ನಿಧಿ ತಿರುಮಲಾಚಾರ್. ತುಕ್ಕು ರೋಗ, ಕಾಡಿಗೆ ರೋಗಗಳ ಶಿಲೀಂಧ್ರಗಳನ್ನು ಗುರುತಿಸಿ ವರ್ಗೀಕರಿಸುವುದರಲ್ಲಿ ಪರಿಣತರು. ಶಿಲೀಂಧ್ರವಿಜ್ಞಾನಿ ಬಿ. ಬಿ. ಮುಂಡ್ಕೂರರೊಡನೆ ಬರೆದ ಭಾರತದ ಕಾಡಿಗೆ ಶಿಲೀಂಧ್ರಗಳ ಗ್ರಂಥ 1952ರಲ್ಲಿ ಪ್ರಕಟವಾಯಿತು.

ಮುಂದೆ ಮಹಾರಾಷ್ಟ್ರದ ಪಿಂಪ್ರಿಯಲ್ಲಿರುವ ಹಿಂದೂಸ್ತಾನ್ ಆಂಟಿಬಯೋಟಿಕ್ಸ್‌ನಲ್ಲಿ ಸಂಶೋಧನೆಯ ಮುಖ್ಯಸ್ಥರಾದರು. ಅವರ ನಿಜವಾದ ಹಿರಿಮೆ ಇಲ್ಲಿನ ಕೆಲಸದಲ್ಲಿದೆ. ಪಿಂಪ್ರಿಯ ಮಣ್ಣಿನಲ್ಲಿದ್ದ ಸ್ಟ್ರೆಪ್ಟೊಮೈಸಿಸ್ ಸೂಕ್ಷ್ಮಜೀವಿಯಿಂದ ಅವರ ತಂಡ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಮದ್ದನ್ನು ಪಡೆಯಿತು. ಡರ್ಮೊಸ್ಟಾಟಿನ್, ಆರಿಯೋಫಂಗಿನ್ ಕೂಡ ಅದೇ ತಂಡದ ಕೊಡುಗೆಗಳು. ಇವು ಶಿಲೀಂಧ್ರದ ಜೀವಕೋಶದ ಪೊರೆಯಲ್ಲಿನ ಎರ್ಗೋಸ್ಟೆರಾಲ್‌ಗೆ ಅಂಟಿಕೊಳ್ಳುತ್ತವೆ. ಪೊರೆ ಸೋರಿ ಶಿಲೀಂಧ್ರ ಸಾಯುತ್ತದೆ. ಮನುಷ್ಯರ ಚರ್ಮರೋಗಕ್ಕೆ ಮದ್ದು ಹುಡುಕಿದ ವಿಜ್ಞಾನ ರೈತನ ತೋಟಕ್ಕೂ ಒದಗಿದ್ದು ವಿಶೇಷ. ದ್ರಾಕ್ಷಿಯ ಬೂದಿ ರೋಗಕ್ಕೂ ಕೊಯ್ಲಾದ ಹಣ್ಣುಗಳ ಕೊಳೆತ ತಡೆಯುವುದಕ್ಕೂ ಆರಿಯೋಫಂಗಿನ್ ಬಳಕೆಯ ಪ್ರಯೋಗಗಳು ನಡೆದವು.

ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಇವರನ್ನು ಫೆಲೋ ಆಗಿ ಆರಿಸಿತ್ತು.